ವಿಯೆಟ್ನಾಂಗೆ ಹೋದ ನಾಲ್ಕು ಜನ ಬೆಳೆಗಾರ್ರು, ಮತ್ತೆ ಎಟಿಎಮ್ಮಿನ ಓಟಿ

ನಮ್ಮ ಕಡೆ ವಿಯೆಟ್ನಾಂ ಹೆಸ್ರು ಕೇಳದೆ ಬೆಳಗಾಗಲ್ಲ. ಕೊಡಗಿನ ಗೋಣಿಕೊಪ್ಪದಲ್ಲಿ ಬೆಳಿಗ್ಗೆ ಟೀ ಕುಡಿಯೋಕೆ ನಿಂತಿರೋ ಕಾಫಿ ಬೆಳೆಗಾರ್ರನ್ನ ನೋಡಿ (ಹೌದು, ಕಾಫಿ ಬೆಳೆಯೋರು ಕುಡಿಯೋದು ಟೀನೇ), ಅಲ್ಲಿ ಮಳೆ ಹೆಂಗಂತೆ, ಅಲ್ಲಿ ಬೆಳೆ ಎಷ್ಟಂತೆ, ಇದೇ ಮಾತು. ಅವ್ರ ಕಾಫಿ ಕಮ್ಮಿಯಾದ್ರೆ ನಮ್ಗೆ ರೇಟ್ ಏರತ್ತಲ್ಲ. 2024ರಲ್ಲಿ ಅವ್ರಿಗೆ ಬರ ಬಂತು, ಇಲ್ಲಿ ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) 50 ಕೆಜಿ ಮೂಟೆ ಹತ್ತು ಸಾವಿರ ದಾಟ್ತು, ನಾವು ಕನಸಲ್ಲೂ ನೋಡಿರದ ರೇಟು. ಆಗ ಪಕ್ಕದ ತೋಟದ ಕುಟ್ಟಣ್ಣ ಅಂದಿದ್ದು, ಇಷ್ಟು ವರ್ಷ ಯಾರ ಹೆಸರಲ್ಲಿ ಬೈಸ್ಕೊಂಡ್ವೋ ಅವ್ರ ತೋಟನ ಒಂದ್ಸಲ ಕಣ್ಣಲ್ಲಿ ನೋಡ್ಬೇಕು ಕಣೋ ಅಂತ. ನವೆಂಬರ್ ಸರಿಯಾದ ಟೈಮು, ಅವ್ರದ್ದು ಕೊಯ್ಲು ನಡೀತಿರತ್ತೆ, ನಮ್ದು ರೋಬಸ್ಟಾ ಹಣ್ಣಾಗೋಕೆ ಇನ್ನೂ ಟೈಮಿರತ್ತೆ, ಪುತ್ತರಿಗೆ (ನಮ್ಮ ಸುಗ್ಗಿ ಹಬ್ಬಕ್ಕೆ) ಮುಂಚೆ ವಾಪಸ್ ಬಂದ್ಬಿಡಬಹುದು.

ನಾಲ್ಕು ಜನ ಹೊರಟ್ವಿ: ನಾನು, ನಮ್ಮ ಭಾವ, ಕುಟ್ಟಣ್ಣ, ಆಮೇಲೆ ರಿಟೈರ್ಡ್ ಮಾಸ್ಟ್ರು. 25 ಡಾಲರಿನ ಇ-ವೀಸಾ ಮೊಬೈಲಲ್ಲೇ ಆಯ್ತು, ಟಿಕೆಟ್ ಆಯ್ತು, ಬರೀ ದುಡ್ಡಿನ ವಿಷಯದಲ್ಲಿ ಒಬ್ಬರ ಮಾತು ಒಬ್ಬರು ಕೇಳ್ಲಿಲ್ಲ. ನಮ್ಮನೆ ಜಗಲಿ ಮೇಲೆ ಕೂತು ಎರಡು ಸಂಜೆ ಜಗಳ. ನಾನು ಹೇಳ್ದೆ, ಡೆಬಿಟ್ ಕಾರ್ಡ್ ಇದೆ, ಹೋದ್ಕಡೆ ಎಟಿಎಂ ಇದ್ದೇ ಇರತ್ತೆ, ಎಳ್ಕೊಂಡ್ರಾಯ್ತು. ಭಾವನೂ ಅದೇ ಪಾರ್ಟಿ. ಮಾಸ್ಟ್ರು ಪ್ರೀಪೇಯ್ಡ್ ಫಾರೆಕ್ಸ್ ಕಾರ್ಡ್ ಮಾಡ್ಸಿ ಅದಕ್ಕೆ ಡಾಲರ್ ಹಾಕ್ಸಿದ್ರು, ರೇಟ್ ಲಾಕ್ ಆಗಿರತ್ತೆ ನೋಡಿ ಅಂತ ನಮ್ಮೆಲ್ಲರಿಗೂ ಅರ್ಧ ಗಂಟೆ ಪಾಠ. ಕುಟ್ಟಣ್ಣನ ಹತ್ರ ಇದ್ದಿದ್ದು ಸೊಸೈಟಿಯ ರುಪೇ ಕಾರ್ಡು ಒಂದೇ. ಊರೊಳಗೆ ಮಾತ್ರ ನಡೆಯೋ ರುಪೇ ವಿದೇಶದಲ್ಲಿ ಓಡಲ್ಲ, ಇಂಟರ್‌ನ್ಯಾಷನಲ್ ಅಂತ ಬರೆದಿರೋ ರುಪೇನೇ ಬೇಕು. ಹಂಗಾಗಿ ಅವನು ನನಗೆ ನೋಟೇ ಸಾಕು ಅಂದ. ನಾವು ಮೂವರೂ ನಕ್ಕಿದ್ವಿ, ಈಗ ನೆನಪು ಮಾಡ್ಕೊಂಡ್ರೆ ನಾಚಿಕೆ ಆಗತ್ತೆ.

ಕಾರ್ಡ್ ಇದ್ರೆ ಸಾಲ್ದು, ಅದನ್ನ ಎಬ್ಬಿಸ್ಬೇಕು. 2020ರಿಂದ ರಿಸರ್ವ್ ಬ್ಯಾಂಕ್ ರೂಲ್ಸ್ ಪ್ರಕಾರ ಹೊಸ ಕಾರ್ಡ್ ಬರೋದು ದೇಶದೊಳಗಿನ ಬಳಕೆಗೆ ಮಾತ್ರ ಆನ್ ಆಗಿ, ಇಂಟರ್‌ನ್ಯಾಷನಲ್ ಬೇಕಂದ್ರೆ ನಾವೇ ಆ್ಯಪಲ್ಲಿ ಆನ್ ಮಾಡ್ಬೇಕು, ಎಟಿಎಂಗೆ ಬೇರೆ, ಅಂಗಡಿ ಸ್ವೈಪ್‌ಗೆ ಬೇರೆ, ಲಿಮಿಟ್ ಬೇರೆ. ಎಲ್ಲದಕ್ಕೂ ಒಟಿಪಿ. ನಮ್ಮನೇಲಿ ಒಟಿಪಿ ಬರ್ಬೇಕಂದ್ರೆ ಕಾಫಿ ಒಣಗ್ಸೋ ಕಳದ ಮೂಲೇಲಿ ನೀರಿನ ಟ್ಯಾಂಕ್ ಪಕ್ಕ ನಿಲ್ಬೇಕು, ಅಲ್ಲಿಂದ ಮನೆ ಒಳಗೆ ವೈಫೈಗೆ ಓಡಿ ಬರೋ ಹೊತ್ತಿಗೆ ಟೈಮ್ ಔಟ್. ಕೊನೆಗೆ ನನ್ನ ಹೆಂಡತಿ ಕಳದಲ್ಲಿ ನಿಂತು ಆರು ನಂಬರ್ ಕೂಗಿದ್ಳು, ನಾನು ಒಳಗೆ ಒತ್ತಿದೆ. ನಮ್ಮ ಲೈನ್ ಮನೆಯ ತೋಟದ ಕೆಲಸದವ್ರಿಗೆಲ್ಲ ನನ್ನ ಒಟಿಪಿ ಗೊತ್ತಾಗಿರತ್ತೆ.

ತಿತಿಮತಿ, ಆನೆಚೌಕೂರು ಕಾಡು ದಾಟಿ ಹುಣಸೂರು ಮೇಲೆ ಮೈಸೂರಿಗೆ ಬಂದು, ಅಲ್ಲಿ ಕುಟ್ಟಣ್ಣಂಗೆ ಡಾಲರ್ ತಗೊಂಡ್ವಿ. ಬೆಂಗ್ಳೂರ್ ಏರ್‌ಪೋರ್ಟ್ ಕೌಂಟರಲ್ಲಿ ತಗೋಬೇಡಿ, ರೇಟ್ ತುಂಬಾ ಕೆಟ್ಟದು, ಊರೊಳಗೆ ಲೈಸೆನ್ಸ್ ಇರೋ ಮನಿ ಚೇಂಜರ್ ಹತ್ರನೇ ತಗೊಳ್ಳಿ. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್, ವೀಸಾ ಎಲ್ಲ ಕೇಳಿದ್ರು. ಗೂಗಲ್ಲಲ್ಲಿ ಡಾಲರ್ 84.40 ಇತ್ತು, ಅವ್ರು ಕೊಟ್ಟಿದ್ದು 85.40ಕ್ಕೆ. 500 ಡಾಲರಿಗೆ 42,700, ಅದರ ಮೇಲೆ ಜಿಎಸ್‌ಟಿ 77 ರೂಪಾಯಿ. ಜಿಎಸ್‌ಟಿ ಇಡೀ ದುಡ್ಡಿನ ಮೇಲಲ್ಲ, ಲಕ್ಷದ ಒಳಗಾದ್ರೆ ನೂರಕ್ಕೆ ಒಂದ್ರೂಪಾಯಿ ತೆಗ್ದು ಅದರ ಮೇಲೆ 18 ಪರ್ಸೆಂಟ್, ಕನಿಷ್ಠ 45 ರೂಪಾಯಿ, ಹಂಗಾಗಿ ಅದಕ್ಕೆ ಹೆದರ್ಬೇಕಾಗಿಲ್ಲ. ಒಂದು ಟ್ರಿಪ್ಪಿಗೆ 3,000 ಡಾಲರ್ ತನಕ ನೋಟಲ್ಲಿ ಒಯ್ಯಬಹುದು ಅಂದ್ರು. ಕುಟ್ಟಣ್ಣ ನೂರರ ನೋಟೇ ಕೊಡಿ, ಮಡಿಕೆ ಇರಬಾರ್ದು, ಪೆನ್ನಿನ ಗುರುತು ಇರಬಾರ್ದು ಅಂತ ಒಂದೊಂದನ್ನೂ ಲೈಟಿಗೆ ಹಿಡಿದು ನೋಡ್ದ, ಕರಿಮೆಣಸು ಆರಿಸೋ ಹಾಗೆ. ಅವನಿಗೆ ಯಾರು ಹೇಳ್ಕೊಟ್ಟಿದ್ರೋ!

ಸೈಗಾನಲ್ಲಿ (ಈಗಿನ ಹೋ ಚಿ ಮಿನ್ ಸಿಟಿ) ಇಳಿದಾಗ ಬೆವರು, ಬೈಕು, ಬೈಕು, ಇನ್ನೂ ಬೈಕು. ಆಗ ರೂಪಾಯಿಗೆ ಹತ್ತತ್ರ ಮುನ್ನೂರು ಡಾಂಗ್ (ಅವ್ರ ದುಡ್ಡು), ಅಂದ್ರೆ ಮೂರು ಸಾವಿರ ರೂಪಾಯಿ ಇದ್ದೋನೂ ಅಲ್ಲಿ ಒಂಬತ್ತು ಲಕ್ಷದ ಸಾಹುಕಾರ. ಭಾವ ಮೊದಲ್ನೇ ಎಟಿಎಮ್ಮಿಗೇ ನುಗ್ಗಿದ್ರು. ಮಿಷನ್ನು ಆರು ಅಂಕಿ ಪಿನ್ ಜಾಗ ತೋರಿಸ್ತು, ನಮ್ದು ನಾಲ್ಕೇ, ನಾಲ್ಕು ಒತ್ತಿ ಎಂಟರ್ ಕೊಟ್ರೆ ಸಾಕು, ಹೋಗತ್ತೆ. 30 ಲಕ್ಷ ಡಾಂಗ್ ಕೇಳಿದ್ರು. ಆಗ ಸ್ಕ್ರೀನಲ್ಲಿ ಒಂದು ಪ್ರಶ್ನೆ ಬಂತು, ನಿಮ್ಮ ರೂಪಾಯಿಲೇ ಲೆಕ್ಕ ಹಾಕ್ಲಾ, 10,730 ರೂಪಾಯಿ ಗ್ಯಾರಂಟಿ ರೇಟು, ಒಪ್ತೀರಾ ಅಂತ. ಎಷ್ಟು ಮರ್ಯಾದೆ ನೋಡಿ. ಭಾವಂಗೆ ರೂಪಾಯಿ ಚಿಹ್ನೆ ನೋಡಿ ತವರು ಮನೆ ನೋಡಿದಂಗಾಯ್ತು, ಹಸಿರು ಬಟನ್ ಒತ್ತೇಬಿಟ್ರು. ನಾನು ಆಮೇಲೆ ಅದೇ ಮಿಷನ್ನಲ್ಲಿ ಬೇಡ ಅಂತ ಒತ್ತಿದೆ, ಬುದ್ಧಿವಂತಿಕೆಯಿಂದಲ್ಲ, ಭಯಕ್ಕೆ. ದುಡ್ಡು ನನಗೂ ಬಂತು. ಅಂದ್ರೆ ಬೇಡ ಅಂದ್ರೆ ಟ್ರಾನ್ಸಾಕ್ಷನ್ ಕ್ಯಾನ್ಸಲ್ ಆಗಲ್ಲ, ಡಾಂಗ್ ಲೆಕ್ಕದಲ್ಲೇ ಹೋಗತ್ತೆ, ರೇಟನ್ನ ಕಾರ್ಡ್ ಕಂಪ್ನಿಗಳಾದ ವೀಸಾ, ಮಾಸ್ಟರ್‌ಕಾರ್ಡ್‌ನವ್ರು ಹಾಕ್ತಾರೆ, ಅದು ಸಾಮಾನ್ಯವಾಗಿ ಮಿಷನ್ನಿನ ರೇಟಿಗಿಂತ ವಾಸಿ. ಹಿಂಗೆ ಮಿಷನ್ನೇ ರೂಪಾಯಿಗೆ ಲೆಕ್ಕ ಹಾಕೋದಕ್ಕೆ ಡಿಸಿಸಿ (ಡೈನಾಮಿಕ್ ಕರೆನ್ಸಿ ಕನ್ವರ್ಷನ್) ಅಂತಾರಂತೆ. ಹೋಟ್ಲು, ಅಂಗಡಿ ಸ್ವೈಪ್ ಮಿಷನ್ನಲ್ಲೂ ಇದೇ ಪ್ರಶ್ನೆ ಬರತ್ತೆ.

ರಾತ್ರಿ ರೂಮಲ್ಲಿ ಮಾಸ್ಟ್ರು ನೋಟ್‌ಬುಕ್ ತೆಗೆದ್ರು. ಗೂಗಲ್ ರೇಟಲ್ಲಿ 30 ಲಕ್ಷ ಡಾಂಗ್ ಅಂದ್ರೆ 9,970 ರೂಪಾಯಿ. ನನಗೆ ಮಿಷನ್ ಫೀ 50,000 ಡಾಂಗ್, ಅಂದ್ರೆ 166 ರೂಪಾಯಿ. ನನ್ನ ಬ್ಯಾಂಕು ವಿದೇಶಿ ಎಟಿಎಂ ಚಾರ್ಜ್ ಅಂತ 125, ಜಿಎಸ್‌ಟಿ ಸೇರಿ 148. ಅದಲ್ದೆ ಕರೆನ್ಸಿ ಬದಲಾಯಿಸಿದ್ದಕ್ಕೆ, ಮಿಷನ್ ಫೀ ಮೇಲೂ ಸೇರಿ, ಮಾರ್ಕಪ್ ಅಂತ 3.5 ಪರ್ಸೆಂಟ್, ಅದಕ್ಕೂ ಜಿಎಸ್‌ಟಿ, 419. ಒಟ್ಟು 733 ಹೋಯ್ತು. ಭಾವಂದು ಒಂಬೈನೂರು ದಾಟಿತ್ತು, ಮಿಷನ್ ಕೇಳಿದ್ದರ ಮೇಲೆ ಅವ್ರ ಬ್ಯಾಂಕಿನ ಚಾರ್ಜ್ ಬಂದೇ ಬಂತಲ್ಲ.

ಕುಟ್ಟಣ್ಣ ಮಂಚದ ಮೇಲಿಂದ್ಲೇ ಹೇಳ್ದ, ಇದು ನಮ್ಮ ಓಟಿ ಕಣೋ ಅಂತ. ಕಾಫಿ ಮಾರೋರಿಗೆ ಗೊತ್ತಿರತ್ತೆ, ಓಟಿ ಅಂದ್ರೆ ಔಟ್-ಟರ್ನ್, ಚೆರಿ ಗುದ್ದಿದ್ರೆ ಬೇಳೆ, ಅಂದ್ರೆ ಕಾಫಿ ಬೀಜ, ಎಷ್ಟು ಬರತ್ತೆ ಅನ್ನೋ ಲೆಕ್ಕ. ವ್ಯಾಪಾರಿ ಬೋರ್ಡಲ್ಲಿ ರೇಟ್ ದೊಡ್ದಾಗೇ ಬರ್ದಿರ್ತಾನೆ, ಆದ್ರೆ ಸ್ಯಾಂಪಲ್ ಗುದ್ದಿ, ಬೇಳೆ ತೂಗಿ, ಮಾಯಿಶ್ಚರ್ ಇಷ್ಟು, ಕಪ್ಪು ಬೇಳೆ ಇಷ್ಟು, ಓಟಿ ಇಷ್ಟೇ ಬಂತು ಅಂತ ಕಟ್ ಮಾಡಿದ್ಮೇಲೆ ಕೈಗೆ ಸಿಗೋದು ಬೇರೆ. ದುಡ್ಡಿಗೂ ಹಂಗೇ, ಗೂಗಲ್ ರೇಟ್ ನೋಡ್ಕೊಂಡು ಕೂತ್ರೆ ಏನೂ ಗೊತ್ತಾಗಲ್ಲ, ಮೂಟೆ ಹಾಕಿದ್ಮೇಲೆ ಬೇಳೆ ಎಷ್ಟು ಬಂತು ಅದನ್ನ ನೋಡ್ಬೇಕು. ಮಾಸ್ಟ್ರು ಇನ್ನೊಂದು ಲೆಕ್ಕ ಹಾಕಿದ್ರು: ನಾನು ಹೆದರ್ಕೊಂಡು ಹತ್ತೇ ಲಕ್ಷ ಡಾಂಗ್ ತೆಗೆದಿದ್ರೆ, ಮಿಷನ್ ಫೀ, ಬ್ಯಾಂಕ್ ಫೀ ಅಷ್ಟೇ ಇರತ್ತೆ, 3,300 ರೂಪಾಯಿಗೆ ಹತ್ತತ್ರ 460 ಕಟಿಂಗ್, ನೂರಕ್ಕೆ ಹದಿನಾಲ್ಕು ಹತ್ರ. ಚೂರು ಚೂರು ತೆಗೆಯೋದು ಜೋಪಾನ ಅಂತ ನಾವು ಅಂದ್ಕೊಂಡಿದ್ದು ಪೂರ್ತಿ ಉಲ್ಟಾ.

ಮಾಸ್ಟ್ರ ಕಾರ್ಡಿನ ಕಥೆ ಮಾರ್ನೇ ದಿನ ಬಯಲಾಯ್ತು. ಫಾರೆಕ್ಸ್ ಕಾರ್ಡಿಗೆ ಡಾಲರ್, ಯೂರೋ, ಪೌಂಡ್ ಇಂಥವು ಹಾಕ್ಸಬಹುದು, ಡಾಂಗ್ ಹಾಕ್ಸೋಕಾಗಲ್ಲ. ಡಾಲರ್ ಇರೋ ಕಾರ್ಡಲ್ಲಿ ಡಾಂಗ್ ತೆಗೆದ್ರೆ ಕ್ರಾಸ್ ಕರೆನ್ಸಿ ಚಾರ್ಜು, ಅದೂ ಮೂರೂವರೆ ಪರ್ಸೆಂಟು, ಜೊತೆಗೆ ಒಂದ್ಸಲ ತೆಗೆದ್ರೆ ಎರಡು ಡಾಲರ್, ಮಿಷನ್ ಫೀ ಅಂತೂ ಇದ್ದೇ ಇದೆ. ಅಮೇರಿಕಾಗೆ ಹೋಗೋರಿಗೆ ಡಾಲರ್ ಕಾರ್ಡ್ ಭಾಳ ಚೆನ್ನಾಗಿದೆ, ಯುರೋಪಿಗೆ ಯೂರೋ ಕಾರ್ಡ್ ಚೆನ್ನಾಗಿದೆ, ವಿಯೆಟ್ನಾಂಗೆ ಅದೇ ಕಾರ್ಡ್ ಒಯ್ದ್ರೆ ಎರಡು ಸಲ ಗಿರಣಿಗೆ ಹಾಕಿದ ಹಾಗೆ. ಮಾಸ್ಟ್ರು ಆವತ್ತು ಮಧ್ಯಾಹ್ನದ ತನಕ ಯಾರ ಹತ್ರನೂ ಮಾತಾಡ್ಲಿಲ್ಲ.

ಕುಟ್ಟಣ್ಣ ಮಾತ್ರ ಬೆನ್ ಥಾನ್ ಮಾರ್ಕೆಟ್ ಹತ್ರ ಒಂದು ಚಿನ್ನದ ಅಂಗಡಿಗೆ ಕರ್ಕೊಂಡ್ ಹೋದ. ಅಲ್ಲಿ ಚಿನ್ನದ ಅಂಗಡೀಲೂ ಡಾಲರ್ ಬದಲಾಯಿಸ್ತಾರೆ, ಲೈಸೆನ್ಸ್ ಇರೋದಾ ಅಂತ ಬೋರ್ಡ್ ನೋಡ್ಕೊಂಡು ಹೋಗ್ಬೇಕು ಅಷ್ಟೇ. ಅಜ್ಜಿ ಒಬ್ಬಳು ಕ್ಯಾಲ್ಕುಲೇಟರಲ್ಲಿ 25,350 ಅಂತ ಒತ್ತಿ ತೋರಿಸಿದ್ಳು. ನೂರರ ನೋಟಿಗೆ ಈ ರೇಟು, ಇಪ್ಪತ್ತರ ನೋಟಾದ್ರೆ ಕಮ್ಮಿ, ಮಡಿಕೆ ಇದ್ರೆ ಇನ್ನೂ ಕಮ್ಮಿ ಅಥವಾ ಬೇಡ್ವೇ ಬೇಡ. 500 ಡಾಲರಿಗೆ ಒಂದು ಕೋಟಿ ಇಪ್ಪತ್ತಾರು ಲಕ್ಷ ಚಿಲ್ರೆ. ಮೈಸೂರಿಂದ ಇಲ್ಲಿ ತನಕ ಅವನಿಗೆ ಆದ ಲಾಸು ಒಟ್ಟು 667 ರೂಪಾಯಿ, ಅದೂ ಸುಮಾರು ನಲವತ್ಮೂರು ಸಾವಿರಕ್ಕೆ. ನನಗೆ ಹತ್ತು ಸಾವಿರಕ್ಕೇ 733. ಆವತ್ತಿಂದ ಟ್ರಿಪ್ ಮುಗಿಯೋ ತನಕ ಕುಟ್ಟಣ್ಣ ಮುಂದಿನ ಸೀಟು. ಆದ್ರೆ ಅಷ್ಟೂ ನೋಟು ಸೊಂಟದ ಬೆಲ್ಟಲ್ಲಿ ಕಟ್ಕೊಂಡು ರಾತ್ರಿ ನಿದ್ದೆ ಮಾಡದೆ ಹೊರಳಾಡಿದ್ದೂ ಅವನೇ, ಅದಕ್ಕೆ ಚಾರ್ಜ್ ಎಷ್ಟು ಹಾಕೋದು.

ಅಲ್ಲಿಂದ ರಾತ್ರಿ ಸ್ಲೀಪರ್ ಬಸ್ಸಲ್ಲಿ ಬುವಾನ್ ಮಾ ಥುವಟ್. ಡಾಕ್ ಲಾಕ್ ಪ್ರಾಂತ್ಯದ ದೊಡ್ಡ ಊರು, ಅವ್ರ ರೋಬಸ್ಟಾದ ರಾಜಧಾನಿ. ಬೆಳಿಗ್ಗೆ ಕಣ್ಣು ಬಿಟ್ರೆ ಕೆಂಪು ಮಣ್ಣು, ಕಣ್ಣು ಹಾಯೋವರೆಗೂ ಕಾಫಿ, ಆದ್ರೆ ನೆರಳೇ ಇಲ್ಲ! ನಮ್ಮಲ್ಲಿ ಸಿಲ್ವರ್ ಓಕ್, ಬಳಂಜಿ, ಹಲಸು, ಅತ್ತಿ ಮರಗಳ ಮಧ್ಯೆ ಗಿಡ ಹುಡುಕ್ಬೇಕು, ಇಲ್ಲಿ ಬಟಾಬಯಲಲ್ಲಿ ಬಿಸಿಲಿಗೆ ನಿಲ್ಸಿದ್ದಾರೆ, ಬೇಸಿಗೇಲಿ ನೀರು ಹಾಯ್ಸಿ ಹಾಯ್ಸಿ ಬೆಳೆಸ್ತಾರೆ. ಟಾರ್ಪಾಲು ಹಾಸಿ ಕೊಂಬೆ ಹಿಡಿದು ಸರ್ರಂತ ಸುಲಿದು ಬೀಳಿಸ್ತಾರೆ, ಹಸಿರು ಕೆಂಪು ಎಲ್ಲ ಒಟ್ಟಿಗೆ. ಭಾವ ಗಿಡ ಮುಟ್ಟಿ ನೋಡ್ತಾ ನಿಂತ್ರು, ಇಷ್ಟು ಕಾಯಿ ನಮ್ಮಲ್ಲಿ ಎರಡು ಗಿಡಕ್ಕೆ ಬರತ್ತೆ ಅಂತ, ದನಿಯಲ್ಲಿ ಸಿಟ್ಟೋ ಮೆಚ್ಚುಗೆಯೋ ಗೊತ್ತಾಗ್ಲಿಲ್ಲ. ನಾವು ಉಳ್ಕೊಂಡಿದ್ದ ಮನೆಯಾಕೆ ಫಿನ್ನಲ್ಲಿ (ಅವ್ರ ಪುಟ್ಟ ಕಾಫಿ ಫಿಲ್ಟರ್ರು) ಹನಿ ಹನಿ ಇಳಿಸಿದ ಡಿಕಾಕ್ಷನ್ನಿಗೆ ಕಂಡೆನ್ಸ್ಡ್ ಮಿಲ್ಕ್ ಹಾಕಿ ಕೊಟ್ಳು. ಚಿಕೋರಿ ಇಲ್ಲದೆ ಅಷ್ಟು ಗಟ್ಟಿ ಕಾಫಿ ನಾನು ಕುಡಿದಿರ್ಲಿಲ್ಲ.

ಹಳ್ಳಿ ಕಡೆ ಕಾರ್ಡ್ ಆಟ ಇಲ್ಲ. ತರಕಾರಿ ಅಂಗಡೀಲೂ ಕ್ಯೂಆರ್ ಅಂಟ್ಸಿದ್ದಾರೆ, ಗೋಣಿಕೊಪ್ಪ ಥರಾನೇ, ಭಾವ ಅಭ್ಯಾಸಬಲದಲ್ಲಿ ಫೋನ್ ತೆಗೆದು ಸ್ಕ್ಯಾನ್ ಮಾಡೇ ಮಾಡಿದ್ರು, ಆದ್ರೆ ಅದು ಅವ್ರ ದೇಶದ ಬ್ಯಾಂಕ್ ಅಕೌಂಟ್ ಇದ್ದೋರಿಗೆ. ಭೂತಾನ್, ನೇಪಾಳ, ಶ್ರೀಲಂಕಾ, ಮಾರಿಷಸ್ ಇಂಥ ಕಡೆ ನಮ್ಮ ಯುಪಿಐ ನಡೆಯತ್ತೆ, ನಾವು ಹೋದಾಗ ಇಲ್ಲಿ ನಡೀಲಿಲ್ಲ. ಹಂಗಾಗಿ ನೋಟೇ ಗತಿ, ಕುಟ್ಟಣ್ಣನ ಬೆಲ್ಟೂ ತೆಳ್ಳಗಾಗ್ತಾ ಬಂತು. ನಾನು ಕ್ರೆಡಿಟ್ ಕಾರ್ಡಲ್ಲಿ ಕ್ಯಾಶ್ ತೆಗೀಲಾ ಅಂದೆ, ಮಾಸ್ಟ್ರು ಬೆತ್ತ ಒಂದು ಹಿಡಿದಿರ್ಲಿಲ್ಲ ಅಷ್ಟೇ. ಸ್ವೈಪ್ ಮಾಡಿದ್ರೆ, ಬಿಲ್ ಪೂರ್ತಿ ಕಟ್ಟೋರಿಗೆ, ಕಟ್ಟೋ ಕೊನೇ ದಿನದ ತನಕ ಬಡ್ಡಿ ಇಲ್ಲ, ಕ್ಯಾಶ್ ತೆಗೆದ್ರೆ ಆ ದಿನದಿಂದ್ಲೇ ಬಡ್ಡಿ ಓಡತ್ತೆ, ತೆಗೆದ ಫೀ ಬೇರೆ.

ಆಗ ಭಾವ ಪರ್ಸಿನ ಮೂಲೆಯಿಂದ ಇನ್ನೊಂದು ಕಾರ್ಡ್ ತೆಗೆದ್ರು. ಬೆಂಗ್ಳೂರಲ್ಲಿ ಕೆಲಸ ಮಾಡೋ ಮಗಳು ಬಲವಂತವಾಗಿ ಮಾಡ್ಸಿಕೊಟ್ಟಿದ್ದು, ಫಾರೆಕ್ಸ್ ಮಾರ್ಕಪ್ ಇಲ್ಲದ ಡೆಬಿಟ್ ಕಾರ್ಡು. ಆ್ಯಪಲ್ಲಿ ಬಂದ ಕಾರ್ಡ್ ನಂಬೋದ್ಹೆಂಗೆ ಅಂತ ಇವ್ರು ಮುಟ್ಟೇ ಇರ್ಲಿಲ್ಲ! ನಾಲ್ಕು ದಿನ ನಮ್ಮ ಜೊತೆ ಲಾಸ್ ಲೆಕ್ಕ ಕೇಳ್ಕೊಂಡು ಕೂತಿದ್ದ ಮನುಷ್ಯ. ಊರೊಳಗೆ ಎಟಿಎಂ ಹುಡುಕ್ತಾ ಹೋದ್ವಿ, ಒಂದೊಂದರಲ್ಲೂ ಫೀ ಎಷ್ಟು ಅಂತ ಸ್ಕ್ರೀನ್ ತೋರಿಸಿದ ಕೂಡ್ಲೆ ಕ್ಯಾನ್ಸಲ್, ಮುಂದಿನ ಬ್ಯಾಂಕು. ಕ್ಯಾನ್ಸಲ್ ಮಾಡಿದ್ರೆ ಏನೂ ಕಟ್ ಆಗಲ್ಲ, ಸಂಕೋಚ ಬೇಡ. ಮೂರನೇ ಬ್ಯಾಂಕಿನ ಮಿಷನ್ನು ಫೀನೇ ಕೇಳ್ಲಿಲ್ಲ, 50 ಲಕ್ಷ ಒಂದೇ ಸಲಕ್ಕೆ ಕೊಡ್ತು. ಮೆಸೇಜ್ ಬಂದಾಗ ನೋಡಿದ್ರೆ ಗೂಗಲ್ ರೇಟಿಗಿಂತ ಐವತ್ತು ರೂಪಾಯಿ ಆಚೀಚೆ ಅಷ್ಟೇ. ಮಾಸ್ಟ್ರು ಅದನ್ನ ನೋಟ್‌ಬುಕ್ಕಲ್ಲಿ ಬರ್ದು ಕೆಳಗೆ ಎರಡು ಗೆರೆ ಎಳೆದ್ರು.

ಆಮೇಲೆ ನಮ್ಮ ಸಿಸ್ಟಂ ಇದೇ ಆಯ್ತು, ಭಾವ ಒಬ್ರೇ ಎಲ್ಲರಿಗೂ ಸೇರಿಸಿ ದೊಡ್ಡ ಅಮೌಂಟ್ ತೆಗೆಯೋದು, ನಾವು ರೂಮಿನ ವೈಫೈಯಲ್ಲಿ ಅವ್ರಿಗೆ ಯುಪಿಐಲಿ ರೂಪಾಯಿ ಹಾಕೋದು. ಊರಿನ ಅಕೌಂಟಿಂದ ಊರಿನ ಅಕೌಂಟಿಗೆ, ಯಾವ ಫಾರೆಕ್ಸೂ ಇಲ್ಲ. ವಿಯೆಟ್ನಾಂ ಹೋಂಸ್ಟೇ ಒಳಗೆ ನಾಲ್ಕು ಜನ ಕೊಡಗಿನೋರು ಪಕ್ಕಪಕ್ಕ ಕೂತು ಒಬ್ಬರಿಗೊಬ್ಬರು ಗೋಣಿಕೊಪ್ಪದ ಬ್ಯಾಂಕಿಂದ ದುಡ್ಡು ಕಳಿಸ್ತಿದ್ರೆ ಆ ಮನೆಯಾಕೆ ಏನಂದ್ಕೊಂಡ್ಳೋ.

ಪುತ್ತರಿಗೆ ಮುಂಚೆ ಬಂದ್ವಿ. ಉಳಿದ ಡಾಂಗ್ ಅಲ್ಲೇ ಖಾಲಿ ಮಾಡಿ ಅಂತ ನಾನು ಹೇಳಿದ್ದೆ, ಇಲ್ಲಿ ಅದನ್ನ ತಗೊಳ್ಳೋರು ಸಿಗೋದು ಕಷ್ಟ, ಸಿಕ್ರೂ ರೇಟಿಲ್ಲ. ಭಾವ ಮಾತ್ರ ಒಂದು ನೀಲಿ ನೋಟು ಜ್ಞಾಪಕಕ್ಕೆ ಇರ್ಲಿ ಅಂತ ಇಟ್ಕೊಂಡಿದ್ರು, ಇಪ್ಪತ್ತು ಸಾವಿರದ್ದು, ಅರವತ್ತಾರು ರೂಪಾಯಿ ತಾನೇ ಅಂತ. ಮೊಮ್ಮಗನ ಸ್ಕೂಲ್ ಪ್ರಾಜೆಕ್ಟಿಗೆ ಅಂತ ವಿರಾಜಪೇಟೆಗೆ ಹೋಗಿ ಲ್ಯಾಮಿನೇಷನ್ ಬೇರೆ ಮಾಡ್ಸಿದ್ರು, ಆ ನೋಟು ಮೊದಲೇ ಪ್ಲಾಸ್ಟಿಕ್, ಅದರ ಮೇಲೆ ಇನ್ನೊಂದು ಪ್ಲಾಸ್ಟಿಕ್. ಪುತ್ತರಿ ದಿನ ಅವ್ರ ಮನೇಲಿ ಊಟಕ್ಕೆ ಕೂತಾಗ ಆ ಹುಡ್ಗ ತಂದು ಮಾಸ್ಟ್ರಿಗೆ ತೋರಿಸ್ದ. ವಿಯೆಟ್ನಾಮಲ್ಲಿ ಇಪ್ಪತ್ತು ಸಾವಿರದ ನೋಟೂ ನೀಲಿ, ಐದು ಲಕ್ಷದ ನೋಟೂ ನೀಲಿ. ಮಾಸ್ಟ್ರು ಕನ್ನಡಕ ಏರಿಸ್ಕೊಂಡು ಸೊನ್ನೆ ಎಣಿಸಿದ್ರು, ಇನ್ನೊಂದ್ಸಲ ಎಣಿಸಿದ್ರು, ಭಾವನ್ನ ನೋಡಿದ್ರು, ಆಮೇಲೆ ಜೇಬಿಂದ ಆ ನೋಟ್‌ಬುಕ್ ತೆಗೆದು, ಪೆನ್ನಿದ್ಯಾ ಅಂತ ನನ್ನ ಕೇಳಿದ್ರು.