ಮನೆಗೆಲಸದವರ ತೆರಿಗೆ ಪುಸ್ತಕ: ಆರನೇ ವಾರ

ಈ ವಾರ ಹನ್ನೊಂದು ಪುಟ ಮುಗಿಯಿತು. ಕಳೆದ ವಾರ ಆರೇ ಆಗಿತ್ತು. ಹಳೇ ಕೈಬರಹಕ್ಕೆ ಕಣ್ಣು ಪಳಗುತ್ತಿದೆ.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ಅಮೆರಿಕದ ಯುದ್ಧದ ಖರ್ಚು ತಲೆಮೇಲೆ ಬಂದಾಗ, 1777ರಲ್ಲಿ ಬ್ರಿಟನ್ ಪ್ರಧಾನಿ ಲಾರ್ಡ್ ನಾರ್ತ್ ಗಂಡಾಳುಗಳನ್ನು ಇಟ್ಟುಕೊಂಡವರ ಮೇಲೆ ತೆರಿಗೆ ಹಾಕಿದ. ತಲೆಗೊಂದು ಗಿನಿ, ಅಂದರೆ 21 ಶಿಲಿಂಗ್. ಬಟ್ಲರ್, ಸಾರೋಟು ಹೊಡೆಯುವವನು, ಮಾಲಿ ಇಂಥವರಿಗೆ ಮಾತ್ರ, ಹೊಲದ ಆಳುಗಳಿಗಲ್ಲ. 1785ರಲ್ಲಿ ಆಗಿನ ಪ್ರಧಾನಿ ಕಿರಿಯ ಪಿಟ್ ಹೆಣ್ಣಾಳುಗಳನ್ನೂ ಸೇರಿಸಿದ. ಸ್ಕಾಟ್ಲೆಂಡಿನ ಆ ಲೆಕ್ಕದ ಪುಸ್ತಕಗಳು ಎಡಿನ್‌ಬರೋದ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಅವುಗಳ ಚಿತ್ರ ನೋಡಿಕೊಂಡು ಸಾಲುಸಾಲಾಗಿ ಎಕ್ಸೆಲ್‌ಗೆ ಇಳಿಸುವುದೇ ನನ್ನ ಸಂಜೆಯ ಕೆಲಸ.

ಒಂದು ತಪ್ಪು ಸಿಕ್ಕಿತು. ಎರಡು ಎಸ್ ಒಟ್ಟಿಗೆ ಬಂದಾಗ ಗುಮಾಸ್ತರು ಮೊದಲನೆಯದನ್ನು ಉದ್ದಕ್ಕೆ ಎಳೆಯುತ್ತಾರೆ, ಅದು ಎಫ್ ಥರ ಕಾಣುತ್ತದೆ. ಹಾಗಾಗಿ 'ರಾಸ್' ಮನೆತನದವರನ್ನೆಲ್ಲ ನಾನು ಎರಡು ಪುಟದುದ್ದಕ್ಕೂ 'ರಾಫ್ಸ್' ಮಾಡಿಬಿಟ್ಟಿದ್ದೆ. ಎಲ್ಲವನ್ನೂ ತಿದ್ದಿದೆ.

ಲೆಕ್ಕದ ಸೂತ್ರವನ್ನೂ ಮತ್ತೆ ಬರೆಯಬೇಕಾಯಿತು. ಮೊತ್ತವನ್ನು ಒಬ್ಬಳ ದರದಿಂದ ಭಾಗಿಸಿದರೆ ಎಷ್ಟು ಜನ ಅಂತ ಗೊತ್ತಾಗುತ್ತದೆ ಅಂದುಕೊಂಡಿದ್ದೆ. ಹಾಗಿಲ್ಲ. ಒಬ್ಬಳೇ ಇದ್ದರೆ ಎರಡೂವರೆ ಶಿಲಿಂಗ್, ಇಬ್ಬರಿದ್ದರೆ ತಲಾ 5, ಮೂವರು ಅಥವಾ ಹೆಚ್ಚಿದ್ದರೆ ತಲಾ 10. ಮೂರನೆಯವಳು ಮನೆಗೆ ಬಂದರೆ 10 ಶಿಲಿಂಗಿನ ತೆರಿಗೆ ಒಮ್ಮೆಲೇ 30ಕ್ಕೆ ಏರುತ್ತಿತ್ತು! ಯಜಮಾನ ಮದುವೆಯಾಗದವನಾದರೆ ದುಪ್ಪಟ್ಟು. ಮಕ್ಕಳಿದ್ದವರಿಗೆ ರಿಯಾಯಿತಿ, ಅದಕ್ಕೇ ಮಕ್ಕಳ ಸಂಖ್ಯೆಯನ್ನೂ ಬರೆದಿಟ್ಟಿದ್ದಾರೆ. ಕೊನೆಗೆ ಎಲ್ಲವನ್ನೂ ಪೆನ್ಸಿಗೆ ಇಳಿಸಿದೆ, ಶಿಲಿಂಗಿಗೆ 12ರಂತೆ. ಆಣೆ-ಪೈ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದ ಅಜ್ಜ ತುಂಬಾ ನೆನಪಾದರು.

ಪಟ್ಟಿಯಲ್ಲಿ ಸಿಗದವರ ಬಗ್ಗೆಯೂ ಈ ವಾರ ಯೋಚಿಸುತ್ತಿದ್ದೆ. ಕವಿ ರಾಬರ್ಟ್ ಬರ್ನ್ಸ್ 1786ರ ಫೆಬ್ರವರಿಯಲ್ಲಿ ಮಾಸ್‌ಗೀಲ್‌ನಿಂದ ಏರ್ ಪಟ್ಟಣದ ತೆರಿಗೆ ಅಧಿಕಾರಿಗೆ ತನ್ನ ಲೆಕ್ಕವನ್ನು ಪದ್ಯದಲ್ಲೇ ಬರೆದು ಕಳಿಸಿದ್ದ. ನಾಲ್ಕು ಕುದುರೆ, ಮೂರು ಗಾಡಿ, ಕೆಲಸಕ್ಕೆ ಮೂವರು ಹುಡುಗರು. ಹೆಣ್ಣಾಳು ಯಾರೂ ಇಲ್ಲ ಅನ್ನುತ್ತಾನೆ. ತನ್ನ ಪುಟ್ಟ ಮಗಳು ಬೆಸ್ ಬಗ್ಗೆ ಮಾತ್ರ ಅಕ್ಕರೆಯಿಂದ ಬರೆಯುತ್ತಾನೆ. ಆ ಮಗುವಿನ ತಾಯಿ ಎಲಿಜಬೆತ್ ಪೇಟನ್ ಬರ್ನ್ಸ್ ಕುಟುಂಬದಲ್ಲೇ ಕೆಲಸಕ್ಕಿದ್ದವಳು.

ಅದಕ್ಕೇ ನನಗೆ ದುಡ್ಡಿನ ಅಂಕಣಕ್ಕಿಂತ ಹೆಸರಿನ ಅಂಕಣ ಮುಖ್ಯ. ಪಾತ್ರೆ ತಿಕ್ಕಿ, ಒಲೆ ಹಚ್ಚಿ, ನೀರು ಹೊತ್ತ ಹೆಂಗಸರ ಹೆಸರನ್ನು ಮನೆಮನೆಯಾಗಿ ಬರೆದಿಡುವ ದರ್ದು ಬೇರೆ ಯಾರಿಗಿತ್ತು? 1792ರಲ್ಲಿ ಹೆಣ್ಣಾಳುಗಳ ತೆರಿಗೆ ರದ್ದಾಯಿತು. ಯಜಮಾನರಿಗೆ ನಿರಾಳ, ಕೆಲಸದವಳ ಹೆಸರು ಪುಸ್ತಕದಿಂದ ಹೋಯಿತು. ಗಂಡಾಳುಗಳ ಪಟ್ಟಿ 1798ರವರೆಗೂ ಸಿಗುತ್ತದೆ. ದೇಶದ ಎಲ್ಲರ ಹೆಸರೂ ಇರುವ ಜನಗಣತಿ ಬರುವುದು 1841ರಲ್ಲಿ. 1792ರಲ್ಲಿ ಇಪ್ಪತ್ತರವಳಾಗಿದ್ದ ಹುಡುಗಿಗೆ ಆಗ 69 ವರ್ಷ, ಬದುಕಿದ್ದರೆ.

ಮುಂದಿನ ವಾರ ಹೆಣ್ಣಾಳುಗಳ ಕೊನೆಯ ವರ್ಷದ ಪುಟಗಳನ್ನು ಶುರುಮಾಡುತ್ತೇನೆ. ಮೊದಲ ಪುಟದಲ್ಲಿ ಶಾಯಿ ಹರಡಿ ನಾಲ್ಕು ಸಾಲು ಕಾಣುತ್ತಿಲ್ಲ. ಚಿತ್ರದ ಬಣ್ಣ ತಿರುಗಿಸಿ, ಬಿಳಿಯನ್ನು ಕಪ್ಪು ಮಾಡಿ ನೋಡಬೇಕು.