ಗೇರ್ ಬಾಗಿಲಿನ ಅಂಚಿಗೆ ಕೆಂಪು ಗೆರೆ

ಅಮೆರಿಕದ ನೌಕಾಪಡೆಯ ಯುದ್ಧವಿಮಾನಗಳಾದ ಎಫ್-4 ಫ್ಯಾಂಟಮ್, ಎ-4 ಸ್ಕೈಹಾಕ್, ಎಫ್-8 ಕ್ರುಸೇಡರ್‌ಗಳ ಫೋಟೋ ತೆಗೆದು ಚಕ್ರದ ಹತ್ತಿರ ನೋಡಿ. ಚಕ್ರದ ಗೂಡನ್ನು ಮುಚ್ಚುವ ಲ್ಯಾಂಡಿಂಗ್ ಗೇರ್ ಬಾಗಿಲಿನ ಒಳಮೈ ಬಿಳಿ, ಸುತ್ತಲ ಅಂಚು ಮಾತ್ರ ಕೆಂಪು. ವಿಮಾನವಾಹಕ ಹಡಗಿನ ಡೆಕ್ ಮೇಲೆ ಓಡಾಡುವವರ ಕೈಗೆ, ತಲೆಗೆ ಬಾಗಿಲು ತಾಗದಿರಲಿ ಎಂಬ ಎಚ್ಚರಿಕೆಯ ಬಣ್ಣ ಅದು. ಪ್ಲಾಸ್ಟಿಕ್ ಕಿಟ್‌ನಿಂದ ಕಟ್ಟುವ ಪುಟ್ಟ ಮಾಡೆಲ್‌ನಲ್ಲಿ ಆ ಗೆರೆ ಸರಿಯಾಗಿ ಕೂತರೆ ಇಡೀ ವಿಮಾನಕ್ಕೆ ಜೀವ ಬರುತ್ತದೆ. ಅದೇ ಗೆರೆ ಒಳಮೈ ಮೇಲೆ ಹರಿದರೆ ಬೇರೆ ಯಾವ ಕೆಲಸ ಎಷ್ಟು ಚೆನ್ನಾಗಿದ್ದರೂ ಕಣ್ಣು ಅಲ್ಲಿಗೇ ಹೋಗುತ್ತದೆ.

ಮೊದಲು ದಪ್ಪದ ಲೆಕ್ಕ. ನಿಜವಾದ ಬಾಗಿಲಿನ ಅಂಚು 25 ಮಿ.ಮೀ. ಇದೆ ಎಂದುಕೊಂಡರೆ ನಿಜದ 48ನೇ ಒಂದು ಭಾಗದಷ್ಟಿರುವ 1/48 ಅಳತೆಯ ಮಾಡೆಲ್‌ನಲ್ಲಿ ಅದು ಅರ್ಧ ಮಿ.ಮೀ., 1/72ರಲ್ಲಿ 0.35 ಮಿ.ಮೀ. ಮಾತ್ರ. ಕಿಟ್‌ನ ಪ್ಲಾಸ್ಟಿಕ್ ಬಾಗಿಲು ಸಾಮಾನ್ಯವಾಗಿ ಇದಕ್ಕಿಂತ ದಪ್ಪ. ಹಾಗೇ ಬಳಿದರೆ ಗೆರೆ ಪಟ್ಟಿಯಂತೆ ಕಾಣುತ್ತದೆ. ಆದ್ದರಿಂದ ಒಳಮೈ ಕಡೆಯಿಂದ ಅಂಚನ್ನು 600ರ ಉಪ್ಪುಕಾಗದದಲ್ಲಿ ಸ್ವಲ್ಪ ಓರೆಯಾಗಿ ಉಜ್ಜಿ ತೆಳು ಮಾಡಿ, 1000, 2000ದಲ್ಲಿ ನುಣುಪು ಮಾಡಿ. ಕಿಟ್‌ನ ಬಿಡಿಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಚೌಕಟ್ಟಾದ ಸ್ಪ್ರೂನಿಂದ ಕತ್ತರಿಸಿದ ಗಂಟು ಬಹುತೇಕ ಈ ಅಂಚಿನಲ್ಲೇ ಉಳಿದಿರುತ್ತದೆ. ಅದನ್ನು ಈಗಲೇ ತೆಗೆಯಬೇಕು, ಕೆಂಪು ಬಿದ್ದ ಮೇಲೆ ಅದು ಎದ್ದು ಕಾಣುತ್ತದೆ. ಚೂಪು ಮೂಲೆಯನ್ನು 2000ದ ಕಾಗದದಲ್ಲಿ ಒಂದೇ ಒಂದು ಸಲ ಸವರಿ. ತೀರಾ ಚೂಪಾಗಿದ್ದರೆ ಪೇಂಟ್ ಒಣಗುವಾಗ ಮೂಲೆಯಿಂದ ಹಿಂದೆ ಸರಿದು ಬಿಳಿ ಎಳೆಯೊಂದು ಉಳಿಯುತ್ತದೆ.

ಇನ್ನು ಪೇಂಟ್. ಇಡೀ ಕೆಲಸದ ಗುಟ್ಟು ಇಲ್ಲೇ ಇದೆ: ತಳದ ಬಿಳಿ ಮತ್ತು ಮೇಲಿನ ಕೆಂಪು ಒಂದೇ ಜಾತಿಯವಾಗಿರಬಾರದು. ಬಿಳಿಗೆ ಟಮಿಯಾ ಕಂಪನಿಯ ಎಲ್‌ಪಿ-2ರಂಥ ಲ್ಯಾಕರ್, ಕೆಂಪಿಗೆ ಹಂಬ್ರೋಲ್ ಕಂಪನಿಯ 19ರಂಥ ಎನಾಮೆಲ್. ಎನಾಮೆಲ್ ಥಿನ್ನರ್ ಒಣಗಿದ ಲ್ಯಾಕರನ್ನು ಕರಗಿಸುವುದಿಲ್ಲ. ಹಾಗಾಗಿ ಕೆಂಪು ಒಳಮೈಗೆ ಜಾರಿದರೆ, ಥಿನ್ನರ್ ತಾಗಿಸಿ ಹಿಂಡಿದ ಇಯರ್ ಬಡ್‌ನಲ್ಲಿ ಒರೆಸಿದರೆ ಸಾಕು, ಬಿಳಿ ಹಾಗೇ ಉಳಿಯುತ್ತದೆ. ಬಾಟಲಿ ನೋಡಿಕೊಳ್ಳಿ: ಟಮಿಯಾದ ಥಿನ್ನರ್‌ಗಳಲ್ಲಿ ಎಕ್ಸ್-20 ಎನಾಮೆಲ್‌ಗೆ, ಎಕ್ಸ್-20ಎ ಅಕ್ರಿಲಿಕ್‌ಗೆ. ಒಂದು ಅಕ್ಷರದ ವ್ಯತ್ಯಾಸದಲ್ಲಿ ಕೆಲಸ ಕೆಡುತ್ತದೆ. ಬಡ್ ತೊಯ್ದು ತೊಟ್ಟಿಕ್ಕುವಂತೆಯೂ ಇರಬಾರದು. ಬಣ್ಣ ಕಾಣದ ಬರಿ ಪ್ಲಾಸ್ಟಿಕ್ಕಿಗೆ ಥಿನ್ನರ್ ಇಳಿದು, ಆ ಭಾಗ ಬಿಗಿತದಲ್ಲಿದ್ದರೆ, ಬಿರುಕು ಬಿಡುತ್ತದೆ.

ಬ್ರಶ್ಶಿನ ವಿಷಯದಲ್ಲಿ ಹೆಚ್ಚಿನವರು ತಪ್ಪುವುದು 000 ಸೈಜಿಗೆ ಕೈಹಾಕಿ. ಅಷ್ಟು ಸಣ್ಣ ತುದಿಯಲ್ಲಿ ಪೇಂಟ್ ಅಂಚಿಗೆ ತಲುಪುವ ಮೊದಲೇ ಒಣಗುತ್ತದೆ. 1 ಅಥವಾ 2ನೇ ನಂಬರಿನ ಒಳ್ಳೆಯ ಬ್ರಶ್ ಸಾಕು, ಏಕೆಂದರೆ ಇಲ್ಲಿ ತುದಿಗೆ ಕೆಲಸವೇ ಇಲ್ಲ, ಕೂದಲಿನ ಪಕ್ಕೆಗೆ ಕೆಲಸ. ಮೂರು ಹನಿ ಪೇಂಟಿಗೆ ಒಂದು ಹನಿ ಥಿನ್ನರ್ ಸೇರಿಸಿ. ಬ್ರಶ್ ಅದ್ದಿ, ಕಾಗದದ ಮೇಲೆ ಒಮ್ಮೆ ಎಳೆದು ಹೆಚ್ಚಿನದನ್ನು ತೆಗೆಯಿರಿ. ಬಾಗಿಲನ್ನು ಒಳಮೈ ಕಡೆಯಿಂದ ಟೂತ್‌ಪಿಕ್‌ಗೆ ಡಬಲ್ ಟೇಪಿನಲ್ಲಿ ಅಂಟಿಸಿ ಎಡಗೈಯಲ್ಲಿ ಹಿಡಿಯಿರಿ. ಎರಡೂ ಮಣಿಕಟ್ಟು ಮೇಜಿನ ಮೇಲೆ, ಎರಡೂ ಕಿರುಬೆರಳು ಒಂದಕ್ಕೊಂದು ತಾಗಿರಲಿ. ನಡುಕ ಬಹಳ ಕಡಿಮೆಯಾಗುತ್ತದೆ. ಬ್ರಶ್ಶನ್ನು ಅಂಚಿಗೆ 45 ಡಿಗ್ರಿಯಲ್ಲಿ ಒರಗಿಸಿ ಪಕ್ಕೆಯಿಂದ ಎಳೆಯಿರಿ. ಅಂಚೇ ದಾರಿ ತೋರಿಸುತ್ತದೆ, ಕೈ ಅದರ ಹಿಂದೆ ಹೋದರೆ ಸಾಕು. ಮೂಲೆಯಿಂದ ಶುರು ಮಾಡಬೇಡಿ. ಅಲ್ಲಿ ಪೇಂಟ್ ಮಣಿಯಂತೆ ಗಟ್ಟಿಯಾಗಿ ನಿಲ್ಲುತ್ತದೆ. ಎರಡು ಮಿ.ಮೀ. ಒಳಗಿಂದ ಶುರು ಮಾಡಿ ಮೂಲೆಯ ಕಡೆಗೆ ಎಳೆಯಿರಿ. ತೆಳುವಾಗಿ ಎರಡು ಕೋಟ್. ಒಂದೇ ದಪ್ಪ ಕೋಟ್ ಒಳಮೈಗೆ ಇಳಿಯದೆ ಬಿಡುವುದಿಲ್ಲ. ಬೂದು ತಳದ ಮೇಲೆ ಕೆಂಪು ಮಂಕಾಗುವುದರಿಂದ ಅಂಚಿಗೂ ಬಿಳಿ ಬಿದ್ದಿರಬೇಕು.

ಮಾರ್ಕರ್ ಪೆನ್ನು ಬೇಗ ಆಗುತ್ತದೆ ನಿಜ. ಆದರೆ ಸ್ಪಿರಿಟ್ ಇರುವ ಮಾರ್ಕರಿನ ಕೆಂಪು ಮೇಲಿನ ವಾರ್ನಿಷಿನಲ್ಲಿ ಹರಡಿ ಬಿಳಿಯನ್ನು ಗುಲಾಬಿ ಮಾಡುತ್ತದೆ. ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ಕೊಡಗಿನ ಮಳೆಗಾಲಕ್ಕೆ ಬೇರೆಯೇ ಲೆಕ್ಕ ಬೇಕು. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಲ್ಯಾಕರ್ ಸ್ಪ್ರೇ ಮಾಡಿದರೆ, ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಹೊಳಪಿನ ಬಿಳಿ ಮಂಕಾಗುವುದು ಹೀಗೆ. ಮಳೆ ಬಿಟ್ಟ ದಿನ ನೋಡಿ ಸ್ಪ್ರೇ ಮಾಡಿ. ಬಿಳಿಗೆ ಬೇರೆ ಕಾಲದಲ್ಲಿ ಒಂದು ದಿನ ಸಾಕಾದರೆ ಈಗ ಎರಡು ದಿನ ಬಿಡಿ, ಎನಾಮೆಲ್‌ಗೆ ಮೂರು. ರಟ್ಟಿನ ಪೆಟ್ಟಿಗೆಯಲ್ಲಿ ಜೀರೋ ಬಲ್ಬ್ ಹಚ್ಚಿ, ಬಿಡಿಭಾಗ ಅದರಿಂದ ಒಂದು ಅಡಿ ದೂರ ಇಟ್ಟರೆ ಚೆನ್ನಾಗಿ ಒಣಗುತ್ತದೆ. ಬಟ್ಟೆ ಒಣಗಿಸುವಂತೆ ಒಲೆಯ ಮೇಲೆ ಇಡಬೇಡಿ. ಹೊಗೆಯ ಜಿಡ್ಡು ಬಿಳಿಯನ್ನು ಹಳದಿ ಮಾಡುತ್ತದೆ, ತೆಳು ಬಾಗಿಲು ಬಾಗುತ್ತದೆ.

ಕೆಂಪು ಪೂರ್ತಿ ಒಣಗಿದ ಮೇಲೆ ನೀರಿನ ಅಕ್ರಿಲಿಕ್ ಹೊಳಪು ವಾರ್ನಿಷ್ ಒಂದು ಕೋಟ್ ಕಡ್ಡಾಯ. ಇದನ್ನು ಬಿಟ್ಟು ಎನಾಮೆಲ್ ವಾಶ್ (ಸಂದುಗಳು ಎದ್ದು ಕಾಣಲೆಂದು ಹಚ್ಚುವ ತೀರಾ ತೆಳು ಪೇಂಟ್) ಹಾಕಿದರೆ, ತಪ್ಪು ತಿದ್ದಲು ಸಹಾಯ ಮಾಡಿದ ಅದೇ ಥಿನ್ನರ್ ಈಗ ಗೆರೆಯನ್ನೇ ಅಳಿಸುತ್ತದೆ.

ಕೊಡಗಿನಲ್ಲಿ ಮಾಡೆಲ್ ಕಟ್ಟುವವರಿಗೆ ಭಾರತೀಯ ವಾಯುಪಡೆಯ ಸ್ಕ್ವಾಡ್ರನ್ ಲೀಡರ್, ಕೊಡಗಿನವರೇ ಆದ ಅಜ್ಜಮಾಡ ದೇವಯ್ಯನವರ ಮಿಸ್ಟೇರ್ ಯುದ್ಧವಿಮಾನದ ಮೇಲೆ ಆಸೆ ಇರುವುದು ಸಹಜ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಆ ದೇಶದ ಎಫ್-104 ಯುದ್ಧವಿಮಾನದ ಜೊತೆ ಕಾದಾಡಿದ ವಿಮಾನ ಅದು. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಆದರೆ ಅಂಚಿಗೆ ಕೆಂಪು ಬಳಿಯುವುದು ಅಮೆರಿಕದ ನೌಕಾಪಡೆಯ ಪದ್ಧತಿ. ಫ್ಯಾಂಟಮ್‌ನಲ್ಲಿ ಕೈ ಕೂತಿತು ಎಂದು ಮಿಸ್ಟೇರ್ ಬಾಗಿಲಿಗೂ ಬಳಿಯಬೇಡಿ. ಆ ವಿಮಾನದ ಬಾಗಿಲು ತೆರೆದ ಫೋಟೋ ಸಿಕ್ಕ ಮೇಲಷ್ಟೇ ಬ್ರಶ್ ಅದ್ದಿ.