ಕಂಕಣ ಗ್ರಹಣಕ್ಕೆ ಹೊರಡುವವರಿಗೆ: ಚೆರುವತ್ತೂರು, ಬೇಕಲದ ಅನುಭವ

2031ರ ಮೇ 21ರಂದು ಕೇರಳ, ತಮಿಳುನಾಡುಗಳ ಮೇಲೆ ಕಂಕಣ ಸೂರ್ಯಗ್ರಹಣ, ಅಂದರೆ ಚಂದ್ರನ ಸುತ್ತ ಸೂರ್ಯ ಬಳೆಯಂತೆ ಉಳಿದು ಕಾಣುವ ಗ್ರಹಣ, ಹಾದುಹೋಗಲಿದೆ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಕುಂಬಳೆ ಕಡೆಯ ಕೆಲವರು ಈಗಲೇ ಕೇಳತೊಡಗಿದ್ದಾರೆ: ಅಷ್ಟು ದೂರ ಹೋಗಬೇಕೇ, ಮನೆಯಂಗಳದಲ್ಲಿ ನಿಂತು ನೋಡಿದರೆ ಸಾಲದೇ? ಹೋಗಲೇಬೇಕು ಎಂಬುದು ನನ್ನ ಉತ್ತರ. ಗ್ರಹಣದಲ್ಲಿ ದಿನ, ಗಳಿಗೆಗಳಷ್ಟೇ ಮುಖ್ಯವಾದದ್ದು ನಾವು ನಿಲ್ಲುವ ಜಾಗ. 2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ಜಿಲ್ಲೆಯ ದಕ್ಷಿಣದ ಚೆರುವತ್ತೂರಿಗೆ ಹೋದಾಗ ಇದು ನನಗೆ ಕಣ್ಣಾರೆ ಮನವರಿಕೆಯಾಯಿತು.

ಆ ದಿನದ ಗ್ರಹಣ ಸೌದಿ ಅರೇಬಿಯಾದಲ್ಲಿ ಸೂರ್ಯೋದಯದೊಂದಿಗೆ ಶುರುವಾಗಿ, ಕತಾರ್, ಒಮಾನ್‌ಗಳನ್ನು ಹಾದು, ಅರಬ್ಬಿ ಸಮುದ್ರ ದಾಟಿ ನಮ್ಮ ಕರಾವಳಿಗೆ ಬಂತು. ಇಲ್ಲಿಂದ ವಯನಾಡು, ನೀಲಗಿರಿ, ದಿಂಡಿಗಲ್ ಮೇಲಾಗಿ ಶ್ರೀಲಂಕಾದ ಕಡೆ ಸಾಗಿತು. ಕಂಕಣ ಕಾಣುವ ಪಟ್ಟಿಯ ಅಗಲ ನೂರಿಪ್ಪತ್ತು ಕಿಲೋಮೀಟರಿನ ಆಸುಪಾಸು, ಅಷ್ಟೇ. ಮಂಗಳೂರು ಆ ಪಟ್ಟಿಯೊಳಗಿತ್ತು, ಉಡುಪಿ ಹೊರಗೆ ಉಳಿಯಿತು. ಬೆಂಗಳೂರಿನಲ್ಲಿ ಸೂರ್ಯನ ಸುಮಾರು ಶೇ. 90 ಭಾಗ ಮುಚ್ಚಿಹೋದರೂ ಅಲ್ಲಿ ಕಂಡದ್ದು ಕುಡುಗೋಲಿನಂಥ ತುಂಡು ಮಾತ್ರ. ಬದಿಯಡ್ಕದ ನಮ್ಮ ಅಂಗಳದಲ್ಲಿಯೂ ಕಂಕಣ ಕಾಣುವುದಿತ್ತು. ಆದರೂ ನಾವು ಚೆರುವತ್ತೂರಿಗೆ ಹೊರಟೆವು, ಏಕೆಂದರೆ ಅದು ಪಟ್ಟಿಯ ನಡುಗೆರೆಗೆ ಅಂಟಿಕೊಂಡಂತಿತ್ತು. ಅಂಚಿಗೆ ಸರಿದಷ್ಟೂ ಉಂಗುರ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ. ಕಾಣುವ ಹೊತ್ತೂ ಕಡಿಮೆ. ನಡುಗೆರೆಯಲ್ಲಿ ನಿಂತರೆ ಸುತ್ತಲೂ ಒಂದೇ ಅಗಲದ ಉಂಗುರ, ಮೂರು ನಿಮಿಷದಷ್ಟು ಹೊತ್ತು.

ಕುಂಬಳೆಗೆ ಬಸ್ಸಿನಲ್ಲಿ ಹೋಗಿ ಬೆಳಗಿನ ರೈಲು ಹಿಡಿದೆವು. ಕ್ರಿಸ್‌ಮಸ್‌ನ ಮಾರನೆಯ ದಿನ, ಮೇಲಾಗಿ ಶಬರಿಮಲೆಯ ಕಾಲ, ಕಾಲಿಡಲು ಜಾಗವಿರಲಿಲ್ಲ. ಸ್ಪರ್ಶಕಾಲ, ಅಂದರೆ ಗ್ರಹಣ ಹಿಡಿಯುವ ಹೊತ್ತು, ಬೆಳಗ್ಗೆ 8 ಗಂಟೆ ದಾಟಿದ ಕೂಡಲೇ ಇದ್ದುದರಿಂದ ತಡವಾಗಿ ಬಂದ ರೈಲೂ ಆತಂಕವೇ. ಬೆಳಗಿನ ಗ್ರಹಣವಾದರೆ ಹಿಂದಿನ ರಾತ್ರಿಯೇ ಹತ್ತಿರದ ಊರಿನಲ್ಲಿ ತಂಗುವುದು ಒಳ್ಳೆಯದು. ಚೆರುವತ್ತೂರಿಗಾದರೆ ನೀಲೇಶ್ವರ, ಕಾಞಂಗಾಡು, ಪಯ್ಯನ್ನೂರು ಮೂರೂ ಹತ್ತಿರ.

ಸೋದರತ್ತೆ ಜೊತೆಗಿದ್ದರು. ಪಂಚಾಂಗ ನೋಡಿ ಸ್ಪರ್ಶ, ಮಧ್ಯ, ಮೋಕ್ಷಗಳ ಹೊತ್ತನ್ನು ಚೀಟಿಯಲ್ಲಿ ಬರೆದುಕೊಂಡೇ ಬಂದಿದ್ದರು. ರೈಲು ಚಂದ್ರಗಿರಿ ಹೊಳೆ ದಾಟುವಾಗ ಕೇಳಿದರು: "ಅಲ್ಲ ಮಗಳೇ, ಅಮಾವಾಸ್ಯೆ ತಿಂಗಳಿಗೊಂದು ಬರುತ್ತದೆ. ಗ್ರಹಣ ಯಾಕೆ ತಿಂಗಳಿಗೊಂದು ಬರುವುದಿಲ್ಲ?"

ಗ್ರಹಣದ ವಿಚಾರದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಅವರ ಕೈಯ ಎರಡು ಬಳೆಗಳನ್ನೇ ತೆಗೆಸಿ ಒಂದರೊಳಗೊಂದು ತುಸು ಓರೆಯಾಗಿ ಹಿಡಿದೆ. ಒಂದು ಬಳೆ ಆಕಾಶದಲ್ಲಿ ಸೂರ್ಯ ಸಾಗುವ ಹಾದಿ, ಇನ್ನೊಂದು ಚಂದ್ರನದು. ಎರಡರ ನಡುವಿನ ಓರೆ ಸುಮಾರು 5 ಡಿಗ್ರಿ. ಕೇಳಲು ಸಣ್ಣದು, ಆದರೆ ಚಂದ್ರಬಿಂಬದ ಅಗಲವೇ ಅರ್ಧ ಡಿಗ್ರಿ. ಹಾಗಾಗಿ ಹೆಚ್ಚಿನ ಅಮಾವಾಸ್ಯೆಗಳಲ್ಲಿ ಚಂದ್ರ ಸೂರ್ಯನ ಮೇಲಿನಿಂದಲೋ ಕೆಳಗಿನಿಂದಲೋ ದಾಟಿಹೋಗುತ್ತಾನೆ, ಅವನ ನೆರಳು ಭೂಮಿಗೆ ತಾಗದೆ ಬಾಹ್ಯಾಕಾಶದಲ್ಲಿ ಬೀಳುತ್ತದೆ. ಬಳೆಗಳು ಒಂದನ್ನೊಂದು ಕತ್ತರಿಸುವ ಎರಡು ಬಿಂದುಗಳ ಹತ್ತಿರ ಸೂರ್ಯ ಇದ್ದಾಗ ಅಮಾವಾಸ್ಯೆ ಬಂದರೆ ಮಾತ್ರ ಸೂರ್ಯಗ್ರಹಣ. ಆ ಎರಡು ಬಿಂದುಗಳೇ ನಮ್ಮ ಜ್ಯೋತಿಷಿಗಳು ಲೆಕ್ಕ ಹಾಕುತ್ತ ಬಂದ ರಾಹು, ಕೇತುಗಳು. "ಹಾಗಾದರೆ ಪಂಚಾಂಗದ ರಾಹು ಸುಳ್ಳಲ್ಲ" ಎಂದರು ಅತ್ತೆ. ಸುಳ್ಳಲ್ಲ. ಆ ಬಿಂದುಗಳೂ ನಿಂತಲ್ಲಿ ನಿಲ್ಲದೆ ಹಿಮ್ಮುಖವಾಗಿ ಜಾರುತ್ತ 18.6 ವರ್ಷಕ್ಕೊಮ್ಮೆ ಸುತ್ತು ಮುಗಿಸುತ್ತವೆ. ಆ ಜಾರುವಿಕೆಯಿಂದಾಗಿ ಗ್ರಹಣದ ಕಾಲ ಸರಿಯಾಗಿ ಆರು ತಿಂಗಳಿಗಲ್ಲ, ಸುಮಾರು 173 ದಿನಕ್ಕೊಮ್ಮೆ ಮರಳುತ್ತದೆ. ಒಂದು ಗ್ರಹಣವಾದರೆ ಹದಿನೈದು ದಿನದ ಹಿಂದೆಯೋ ಮುಂದೆಯೋ ಇನ್ನೊಂದು ಇದ್ದೇ ಇರುತ್ತದೆ. ಈ ಗ್ರಹಣದ ಬೆನ್ನಿಗೇ 2020ರ ಜನವರಿ 10ರ ಹುಣ್ಣಿಮೆಯಂದು ಚಂದ್ರ ಭೂಮಿಯ ಅರೆನೆರಳನ್ನು ಹಾದುಹೋದ.

ಚೆರುವತ್ತೂರಿನಲ್ಲಿ ಜನ ಬೆಳಗ್ಗೆಯೇ ನೆರೆದಿದ್ದರು. ಸಾರ್ವಜನಿಕರಿಗಾಗಿ ದೂರದರ್ಶಕಗಳ ಏರ್ಪಾಡು ಇತ್ತು. ನಾವು ತುಸು ದೂರ ನಡೆದು ಮುರಕಲ್ಲಿನ ಒಂದು ಬೋಳುಗುಡ್ಡದ ಮೇಲೆ ಚಾಪೆ ಹಾಸಿದೆವು. ಗ್ರಹಣ ನೋಡಲು ಕಡಲತೀರವೇ ಚೆನ್ನ ಎಂದು ಹಲವರು ತಿಳಿದಿರುತ್ತಾರೆ. ಆದರೆ ಬೆಳಗಿನ ಸೂರ್ಯ ಇರುವುದು ಕಡಲಿಗೆ ಮುಖಮಾಡಿ ನಿಂತವರ ಬೆನ್ನ ಹಿಂದೆ, ಆಗ್ನೇಯದಲ್ಲಿ. ತೀರದುದ್ದಕ್ಕೂ ನಿಂತ ತೆಂಗುಗಳು ಅಡ್ಡ ಬರುತ್ತವೆ. ಯಾವ ದಿಕ್ಕು, ಎಷ್ಟು ಎತ್ತರ ಎಂದು ತಿಳಿಯಬೇಕಾದರೆ ಗ್ರಹಣಕ್ಕೆ ಒಂದೆರಡು ದಿನ ಮೊದಲು ಅದೇ ಹೊತ್ತಿಗೆ ಆ ಜಾಗದಲ್ಲಿ ನಿಂತು ನೋಡಿದರೆ ಆಯಿತು.

ಕಣ್ಣಿನ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಗ್ರಹಣದ ಬೆಳಕಿನಲ್ಲಿ ಹೊಸ ವಿಷವೇನೂ ಹುಟ್ಟುವುದಿಲ್ಲ, ಸೂರ್ಯ ಅದೇ ಸೂರ್ಯ. ಗರ್ಭಿಣಿಯರು, ಮಕ್ಕಳು ಬಾಗಿಲು ಹಾಕಿಕೊಂಡು ಒಳಗೆ ಕೂರಬೇಕಾದ ಕಾರಣವಿಲ್ಲ. ಮಕ್ಕಳನ್ನಂತೂ ಕೈಹಿಡಿದು ಕರೆದುಕೊಂಡು ಬನ್ನಿ. ಅಪಾಯ ಇರುವುದು ನೇರ ನೋಟದಲ್ಲಿ. ಬೆಳಕು ಮಂಕಾದಾಗ ಕಣ್ಣು ಕುಕ್ಕುವುದಿಲ್ಲ, ಪಾಪೆ ಹಿಗ್ಗುತ್ತದೆ, ಉಳಿದ ಸಣ್ಣ ತುಂಡಿನ ಬೆಳಕೇ ಅಕ್ಷಿಪಟಲವನ್ನು ಸುಡುತ್ತದೆ. ಅಲ್ಲಿ ನೋವಿನ ನರಗಳಿಲ್ಲ, ಸುಟ್ಟದ್ದು ಗೊತ್ತೂ ಆಗುವುದಿಲ್ಲ. ಕಂಕಣದ ಮೂರು ನಿಮಿಷಗಳಲ್ಲಿಯೂ ಕನ್ನಡಕ ತೆಗೆಯುವಂತಿಲ್ಲ. ಬರಿಗಣ್ಣಿಗೆ ಅವಕಾಶ ಇರುವುದು ಖಗ್ರಾಸದಲ್ಲಿ, ಸೂರ್ಯ ಪೂರ್ತಿ ಮುಚ್ಚಿದಷ್ಟು ಹೊತ್ತು ಮಾತ್ರ. ಐಎಸ್‌ಒ 12312-2 ಎಂಬ ಗುರುತಿರುವ ಗ್ರಹಣ ಕನ್ನಡಕ ಅಥವಾ 14ನೇ ನಂಬರಿನ ವೆಲ್ಡಿಂಗ್ ಗಾಜು ಆಗುತ್ತದೆ. ಎಕ್ಸ್‌ರೇ ಫಿಲ್ಮ್, ಮಸಿ ಹಿಡಿಸಿದ ಗಾಜು, ತಂಪು ಕನ್ನಡಕ ಯಾವುದೂ ಬೇಡ. ಸೆಗಣಿ ಕದಡಿದ ನೀರಿನಲ್ಲಿ ಬಿಂಬ ನೋಡುವ ಹಳೆಯ ರೂಢಿಯೂ ಬೇಡ; ನೀರಿನಿಂದ ಮರಳಿ ಬರುವ ಅಲ್ಪ ಪಾಲಿನ ಬೆಳಕೂ ಕಣ್ಣಿಗೆ ಅತಿಯಾಗುತ್ತದೆ. ದುರ್ಬೀನು ಅಥವಾ ದೂರದರ್ಶಕವಾದರೆ ಫಿಲ್ಟರ್ ಅದರ ಮುಂದಿನ ಬಾಯಿಗೆ ಇರಬೇಕು. ಗ್ರಹಣ ಕನ್ನಡಕ ಹಾಕಿಕೊಂಡು ದುರ್ಬೀನಿನಲ್ಲಿ ಇಣುಕಿದರೆ ಕಣ್ಣು ಹೋದಂತೆಯೇ.

ಕನ್ನಡಕಕ್ಕಿಂತ ಹೆಚ್ಚು ಸಂತೋಷ ಕೊಟ್ಟದ್ದು ಅತ್ತೆಯ ಅಡುಗೆಮನೆಯ ಜಾಲರಿ ಸೌಟು. ಅದನ್ನು ಬಿಸಿಲಿಗೆ ಸೊಂಟದೆತ್ತರದಲ್ಲಿ ಹಿಡಿದು ಕೆಳಗೆ ಬಿಳಿ ಹಾಳೆ ಇಟ್ಟೆವು. ಪ್ರತಿ ತೂತೂ ಒಂದೊಂದು ಸೂರ್ಯನನ್ನು ಹಾಳೆಯ ಮೇಲೆ ಮೂಡಿಸಿತು. ಒಂಬತ್ತು ಗಂಟೆಯ ಹೊತ್ತಿಗೆ ಅವೆಲ್ಲ ಒಂದೇ ಕಡೆ ಬಾಗಿದ ಕುಡಿಗಳಾದವು. ಬಿಂಬದ ಗಾತ್ರಕ್ಕೆ ಸುಲಭದ ಲೆಕ್ಕವಿದೆ: ತೂತಿಗೂ ಹಾಳೆಗೂ ನಡುವಿನ ದೂರದ 109ರಲ್ಲಿ ಒಂದು ಪಾಲು. ಒಂದು ಮೀಟರಿಗೆ 9 ಮಿಲಿಮೀಟರ್. ದೊಡ್ಡದು ಬೇಕೆಂದರೆ ಚಿಕ್ಕ ಕನ್ನಡಿಗೆ ಕಾಗದ ಅಂಟಿಸಿ ನಡುವೆ ಬೆರಳುಗುರಿನಷ್ಟು ಕಿಂಡಿ ಬಿಡಿ, ಅದರ ಪ್ರತಿಫಲನವನ್ನು ಹತ್ತು ಮೀಟರ್ ದೂರದ ನೆರಳಿರುವ ಗೋಡೆಗೆ ಬಿಡಿ. 9 ಸೆಂಟಿಮೀಟರಿನ ಸೂರ್ಯ ಗೋಡೆಯ ಮೇಲೆ ಬರುತ್ತಾನೆ, ಇಡೀ ಮನೆಯವರು ಒಟ್ಟಿಗೆ ನೋಡಬಹುದು. ಶಾಲೆಯ ಮೇಷ್ಟ್ರುಗಳಿಗೆ ನಾನು ಮೊದಲು ಹೇಳುವುದು ಇದನ್ನೇ.

9.20 ದಾಟುತ್ತಿದ್ದಂತೆ ಬಿಸಿಲು ಬಣ್ಣಗೆಟ್ಟಿತು. ಸಂಜೆಯ ಹಳದಿಯಲ್ಲ, ಮೋಡದ ಮಬ್ಬೂ ಅಲ್ಲ. ಎಲ್ಲವೂ ಇದ್ದಲ್ಲಿಯೇ ಇದ್ದು ಬೆಳಕು ಮಾತ್ರ ಸೋರಿಹೋದಂತಿತ್ತು. ಗಾಳಿ ತಣ್ಣಗಾಯಿತು. ಚಂದ್ರನ ಹಿಂಬದಿ ಅಂಚು ಒಳಗೆ ಬರುವ ಕ್ಷಣದಲ್ಲಿ ಕುಡಿಯ ಎರಡು ತುದಿಗಳು ಒಂದನ್ನೊಂದು ಅರಸುತ್ತ ಓಡಿದವು. ಕೂಡುವ ಜಾಗದಲ್ಲಿ ಬೆಳಕು ಮಣಿಮಣಿಯಾಗಿ ಒಡೆದು ಕೂಡಿತು. ಚಂದ್ರನ ಅಂಚು ನಯವಾಗಿಲ್ಲ, ಅಲ್ಲಿನ ಕಣಿವೆಗಳ ಸಂದಿಯಿಂದ ಬಿಸಿಲು ಇಣುಕುವುದರಿಂದ ಹೀಗಾಗುತ್ತದೆ. ಮರುಕ್ಷಣ ಪೂರ್ಣ ಉಂಗುರ. ಗುಡ್ಡದ ತುಂಬ ಕೂಗು. ಅತ್ತೆ ಕೈಮುಗಿದು ನಿಂತಿದ್ದರು, ಕನ್ನಡಕ ಮಾತ್ರ ಸರಿಸಲಿಲ್ಲ. ಸೂರ್ಯನ ಶೇ. 93ರಷ್ಟು ಮುಚ್ಚಿದ್ದರೂ ಕತ್ತಲಾಗಲಿಲ್ಲ ಎಂಬುದನ್ನು ಹೋಗುವವರು ಮೊದಲೇ ತಿಳಿದಿರಬೇಕು. ನಕ್ಷತ್ರ ಕಾಣುತ್ತದೆ ಎಂದು ಕಾಯುವುದು ಬೇಡ.

ಪೂರ್ತಿ ಮುಚ್ಚದೆ ಉಂಗುರ ಉಳಿದದ್ದೇಕೆ? ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡವನು, ಸುಮಾರು 400 ಪಟ್ಟು ದೂರದವನು. ಆದ್ದರಿಂದ ಎರಡೂ ಬಿಂಬಗಳು ನಮಗೆ ಒಂದೇ ಅಳತೆಯವಾಗಿ ಕಾಣುತ್ತವೆ. ಚಂದ್ರನ ಹಾದಿ ಪೂರ್ತಿ ದುಂಡಗಿಲ್ಲ. ಒಮ್ಮೆ ಸುಮಾರು 3,56,000 ಕಿಲೋಮೀಟರ್ ಹತ್ತಿರ ಬಂದರೆ ಇನ್ನೊಮ್ಮೆ 4,06,000 ಕಿಲೋಮೀಟರ್ ದೂರ ಸರಿಯುತ್ತಾನೆ. ಹತ್ತಿರವಿದ್ದಾಗ ಅವನ ಗಾಢ ನೆರಳಿನ ಮೊನೆ ನೆಲ ಮುಟ್ಟಿ ಖಗ್ರಾಸವಾಗುತ್ತದೆ. ದೂರವಿದ್ದಾಗ ಮೊನೆ ಗಾಳಿಯಲ್ಲಿಯೇ ಮುಗಿದು ನೆಲದಲ್ಲಿರುವವರಿಗೆ ಉಂಗುರ ಉಳಿಯುತ್ತದೆ. ಡಿಸೆಂಬರ್ ಕೊನೆಯಲ್ಲಿ ಭೂಮಿ ಸೂರ್ಯನಿಗೆ ವರ್ಷದಲ್ಲೇ ಅತಿ ಹತ್ತಿರಕ್ಕೆ ಬರುತ್ತಿರುವುದರಿಂದ ಸೂರ್ಯಬಿಂಬವೂ ಸ್ವಲ್ಪ ದೊಡ್ಡದು.

ನಮಗೆ ಆಕಾಶ ಶುಭ್ರವಾಗಿತ್ತು. ಅದೇ ಹೊತ್ತಿಗೆ ವಯನಾಡಿನ ಕಲ್ಪೆಟ್ಟದಲ್ಲಿ ನೆರೆದವರಿಗೆ ಮೋಡ ಅಡ್ಡ ಬಂತು. ಚಳಿಗಾಲದ ಬೆಳಗ್ಗೆ ಘಟ್ಟದ ಮೇಲೆ ಮಂಜು ಸಹಜ. ಡಿಸೆಂಬರ್, ಜನವರಿಯ ಬೆಳಗಿನ ಗ್ರಹಣಕ್ಕೆ ಬೆಟ್ಟಕ್ಕಿಂತ ಬಯಲು ನಂಬಿಕೆಗೆ ಅರ್ಹ.

ಊಟದ ವಿಷಯ: ಗ್ರಹಣ ಬಿಡುವವರೆಗೆ ಹಲವು ಹೋಟೆಲುಗಳ ಬಾಗಿಲು ಮುಚ್ಚಿರುತ್ತದೆ. ನೀರು, ಅವಲಕ್ಕಿ, ಬಾಳೆಹಣ್ಣು ಒಯ್ದಿದ್ದೆವು. ಅತ್ತೆ 11 ಗಂಟೆ ದಾಟಿ ಮೋಕ್ಷವಾಗಿ, ಪರಿಚಯದವರ ಮನೆಯ ಬಾವಿಕಟ್ಟೆಯಲ್ಲಿ ಸ್ನಾನ ಮುಗಿಸಿದ ಮೇಲೆಯೇ ಬಾಯಿಗೆ ನೀರು ಹಾಕಿದರು. ನಿಮ್ಮ ಜೊತೆ ಹೀಗೆ ನೇಮ ಪಾಲಿಸುವ ಹಿರಿಯರಿದ್ದರೆ ಸ್ನಾನಕ್ಕೆ ಅನುಕೂಲವಿರುವ ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಮರಳುವಾಗ ಬೇಕಲ ಕೋಟೆ ನಿಲ್ದಾಣದಲ್ಲಿ ಇಳಿಯಿರಿ. ಕೆಳದಿಯ ಶಿವಪ್ಪ ನಾಯಕನ ಕೋಟೆ ಎಂದು ಎಲ್ಲರೂ ನೋಡುತ್ತಾರೆ. 1871ರ ಡಿಸೆಂಬರ್ 12ರ ಬೆಳಗ್ಗೆ ಇದೇ ಕೋಟೆಯಲ್ಲಿ ಇಂಗ್ಲೆಂಡಿನ ಖಗೋಳಶಾಸ್ತ್ರಜ್ಞ ನಾರ್ಮನ್ ಲಾಕಿಯರ್ ತಮ್ಮ ತಂಡದೊಂದಿಗೆ ದೂರದರ್ಶಕ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕ, ಕ್ಯಾಮೆರಾಗಳನ್ನು ಹೂಡಿ ಖಗ್ರಾಸ ಸೂರ್ಯಗ್ರಹಣವನ್ನು ನೋಡಿದ್ದರು ಎಂಬುದು ನಮ್ಮ ಜಿಲ್ಲೆಯಲ್ಲೇ ಹೆಚ್ಚು ಜನರಿಗೆ ಗೊತ್ತಿಲ್ಲ. ಆಗ ಬೇಕಲ ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕನ್ನಡಕ್ಕೆ ಸೇರಿತ್ತು. ಮೂರು ವರ್ಷ ಹಿಂದೆ, 1868ರ ಆಗಸ್ಟ್ 18ರ ಗ್ರಹಣವನ್ನು ಫ್ರಾನ್ಸಿನ ಖಗೋಳಶಾಸ್ತ್ರಜ್ಞ ಜಾನ್ಸೆನ್ ಗುಂಟೂರಿನಲ್ಲಿ ನೋಡಿದ್ದರು. ಆ ವರ್ಷ ಸೂರ್ಯನ ಬೆಳಕಿನಲ್ಲಿ ಗುರುತಾದ ಹೊಸದೊಂದು ಹಳದಿ ಗೆರೆಯಿಂದಲೇ ಹೀಲಿಯಂ ಎಂಬ ಮೂಲವಸ್ತುವಿನ ಸುಳಿವು ಸಿಕ್ಕಿತು. ಅದಕ್ಕೆ ಆ ಹೆಸರು ಕೊಟ್ಟವರು ಲಾಕಿಯರ್. ಬೇಕಲದಲ್ಲಿ ಅವರು ಅರಸಿದ್ದು ಸೂರ್ಯನ ಕರೋನವನ್ನು, ಅಂದರೆ ಖಗ್ರಾಸದಲ್ಲಿ ಸುತ್ತ ಕಾಣುವ ಹೊರಪ್ರಭೆಯನ್ನು, ಸಿಕ್ಕ ಹೊತ್ತು ಸುಮಾರು ಎರಡು ನಿಮಿಷ. ಬುರುಜಿನ ಮುರಕಲ್ಲಿನ ಮೇಲೆ ನಿಂತು ಈ ಮಾತು ಹೇಳಿದಾಗ ಅತ್ತೆ ಕೇಳಿದರು, "ಎರಡು ನಿಮಿಷಕ್ಕಾಗಿ ಹಡಗಿನಲ್ಲಿ ಬಂದರೇ?" ಬಂದರು. ಅಲ್ಲಿ ಇದನ್ನು ತಿಳಿಸುವ ಫಲಕವೊಂದು ಎಲ್ಲರ ಕಣ್ಣಿಗೆ ಬೀಳುವಂತೆ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಇರಬೇಕು ಎಂಬುದು ನನ್ನ ಆಸೆ.

2031ರವರೆಗೆ ಕಾಯಲಾಗದವರಿಗೆ ಬೇಕಲದಲ್ಲಿಯೇ ಒಂದು ಅವಕಾಶವಿದೆ. 2028ರ ಡಿಸೆಂಬರ್ 31, ಭಾನುವಾರ ರಾತ್ರಿ ಪೂರ್ಣ ಚಂದ್ರಗ್ರಹಣ. ರಾತ್ರಿ ಎಂಟೂವರೆ ದಾಟಿದ ಮೇಲೆ ಚಂದ್ರನಿಗೆ ನೆರಳು ತಾಗುತ್ತದೆ, 10.20ರ ಸುಮಾರಿಗೆ ಗ್ರಹಣದ ಮಧ್ಯ, ಪೂರ್ಣ ಮುಳುಗಿರುವ ಹೊತ್ತು ಸುಮಾರು 71 ನಿಮಿಷ. ಚಂದ್ರ ಇರುವಷ್ಟು ದೂರದಲ್ಲಿಯೂ ಭೂಮಿಯ ನೆರಳು ಅವನ ಎರಡೂವರೆ ಪಟ್ಟಿಗಿಂತ ಅಗಲವಾಗಿರುವುದರಿಂದ ಇಲ್ಲಿ ಕಿರುಪಟ್ಟಿಯ ಮಾತಿಲ್ಲ. ರಾತ್ರಿ ಇರುವ ಊರಿನವರಿಗೆಲ್ಲ ಕಾಣುತ್ತದೆ. ನಮ್ಮ ವಾಯುಮಂಡಲದಲ್ಲಿ ಬಾಗಿ ಸೋಸಿಹೋದ ಕೆಂಪು ಬೆಳಕು ಆ ನೆರಳಿನೊಳಗೆ ಬೀಳುವುದರಿಂದ ಚಂದ್ರ ತಾಮ್ರದ ಬಣ್ಣಕ್ಕೆ ತಿರುಗುತ್ತಾನೆ. ಕನ್ನಡಕ ಬೇಡ, ಬರಿಗಣ್ಣು ಸಾಕು. ಕೋಟೆಯ ಬಾಗಿಲು ಸಂಜೆಗೇ ಮುಚ್ಚುವುದರಿಂದ ಹೊರಗಿನ ತೀರದಲ್ಲಿ ದೀಪವಿಲ್ಲದ ಜಾಗ ಹಿಡಿಯಬೇಕು. ಹೊಸ ವರ್ಷದ ಗದ್ದಲ ಇರುವುದರಿಂದ ಬೇಕಲದ ಆಚೀಚಿನ ಚಿಕ್ಕ ತೀರಗಳು ಇನ್ನೂ ಮೇಲು.

ಇನ್ನು 2031ರ ಮೇ 21, ಬುಧವಾರ. ಕಾಸರಗೋಡಿನಲ್ಲಿ ಪಾರ್ಶ್ವಗ್ರಹಣ ಮಾತ್ರ. ಉಂಗುರ ಬೇಕೆಂದರೆ ಆಲಪ್ಪುಳ, ಕೋಟ್ಟಯಂ ಅಥವಾ ಘಟ್ಟದಾಚೆಯ ತೇಣಿ, ಮಧುರೈ ಕಡೆ ಹೋಗಬೇಕು. ಉಂಗುರದ ಹೊತ್ತು ಮಧ್ಯಾಹ್ನ ಒಂದು ಗಂಟೆಯ ಆಸುಪಾಸು, ಈ ಬಾರಿ ಐದು ನಿಮಿಷಕ್ಕೂ ಹೆಚ್ಚು. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಮೇ ಮೂರನೆಯ ವಾರದಲ್ಲಿ ಕರಾವಳಿಯ ಮೋಡವನ್ನು ನಂಬಲಾಗದು, ಆದ್ದರಿಂದ ನನ್ನ ಆಯ್ಕೆ ಮಳೆನೆರಳಿನ ತೇಣಿ, ಮಧುರೈ. ಮುಂಗಡ ಬುಕಿಂಗ್ ತೆರೆದ ದಿನವೇ ಟಿಕೆಟ್ ಮಾಡಿಸಿ, ಎರಡು ದಿನ ಮೊದಲೇ ತಲುಪಿ, ಮೋಡ ಕಂಡರೆ ಪಟ್ಟಿಯೊಳಗೇ ಬೇರೆ ಊರಿಗೆ ಸರಿಯಲು ವಾಹನ ಗೊತ್ತುಮಾಡಿಟ್ಟುಕೊಳ್ಳಿ. ಸೂರ್ಯ ಬಹುತೇಕ ನೆತ್ತಿಯ ಮೇಲಿರುವುದರಿಂದ ಕನ್ನಡಿಯ ಉಪಾಯ ಕಷ್ಟ, ಜಾಲರಿ ಸೌಟು ಸುಲಭ. ಹಾಳೆಯನ್ನು ನೆಲಕ್ಕೇ ಹಾಸಬಹುದು. ಕನ್ನಡಕ ಹಾಕಿ ನೋಡುವವರು ಅಂಗಾತ ಮಲಗಿ ನೋಡುವುದು ಕುತ್ತಿಗೆಗೆ ಹಿತ. ಮೇ ತಿಂಗಳ ನಡುಹಗಲಿನ ನೆಲ ಕಾದಿರುತ್ತದೆ, ದಪ್ಪ ಚಾಪೆ ಒಯ್ಯಿರಿ.